ಹಾಲು ಹೊಟ್ಟೆಗೆ ಒಗ್ಗದಿದ್ದರೆ: ನಿಮ್ಮ ಅಳತೆ, ಹದವಾದ ಮೊಸರು, ಬದಲಿ ಹಾಲು

ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಗುಡುಗುಟ್ಟುತ್ತದೆ, ಒಮ್ಮೊಮ್ಮೆ ಭೇದಿಯೂ ಆಗುತ್ತದೆ ಎನ್ನುವವರು ಸಾಮಾನ್ಯವಾಗಿ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ. ಬಹಳ ಜನಕ್ಕೆ ಅದರ ಅಗತ್ಯವೇ ಇರುವುದಿಲ್ಲ. ಹೆಚ್ಚಿನವರಿಗೆ ತೊಂದರೆ ಕೊಡುವುದು ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ. ಅದು ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಮೊಸರಿನಲ್ಲಿ ಹಾಲಿಗಿಂತ ಕಡಿಮೆ, ಖೋವಾದಲ್ಲಿ ಹಾಲಿನ ನಾಲ್ಕೈದು ಪಟ್ಟು.

ಈ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುತ್ತದೆ. ಎದೆಹಾಲು ಬಿಟ್ಟ ಮೇಲೆ ಹೆಚ್ಚಿನ ಮನುಷ್ಯರಲ್ಲಿ ಅದು ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಇದು ರೋಗವಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರ ಸ್ಥಿತಿ ಇದೇ, ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇದು ಹೆಚ್ಚು. ಒಡೆಯದೆ ಉಳಿದ ಲ್ಯಾಕ್ಟೋಸ್ ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿದಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಉಬ್ಬರಕ್ಕೆ ಈ ಅನಿಲ ಕಾರಣ, ಭೇದಿಗೆ ಆ ನೀರು ಕಾರಣ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ ಇವುಗಳಲ್ಲಿ ಒಂದಿದ್ದರೂ ಮನೆಯ ಪರೀಕ್ಷೆ ಬೇಡ, ವೈದ್ಯರನ್ನು ಕಾಣಿ. ಹಾಲು ಕುಡಿದ ಕೂಡಲೇ ಮೈಮೇಲೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ. ಆಗ ಮೊಸರೂ ಬೇಡ, ಲ್ಯಾಕ್ಟೋಸ್ ತೆಗೆದ ಹಾಲೂ ಬೇಡ. ಮುಂದೆ ಹೇಳುವ ಅಳತೆಯ ಲೆಕ್ಕ ಅಂಥವರಿಗೆ ಅನ್ವಯಿಸುವುದಿಲ್ಲ.

ನಿಮ್ಮ ಅಳತೆ ಕಂಡುಕೊಳ್ಳುವುದು

ಹಸು, ಎಮ್ಮೆ, ಆಡು ಯಾವುದರ ಹಾಲಾದರೂ 100 ಮಿಲಿಯಲ್ಲಿ ಸುಮಾರು 4.5ರಿಂದ 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನಾಟಿ ಹಸುವಿನ ಹಾಲು, ಎ2 ಹಾಲು ಎಂದು ಎರಡು ಪಟ್ಟು ದುಡ್ಡು ಕೊಟ್ಟು ತಂದರೂ ಈ ಅಂಕಿ ಬದಲಾಗುವುದಿಲ್ಲ. ಎ2 ಎಂಬುದು ಒಂದು ಪ್ರೋಟೀನಿನ ಬಗೆಗೆ ಇರುವ ಹೆಸರು, ಅದಕ್ಕೂ ಸಕ್ಕರೆಗೂ ಸಂಬಂಧವಿಲ್ಲ. ಲ್ಯಾಕ್ಟೇಸ್ ಕಡಿಮೆ ಇರುವವರಲ್ಲಿ ಹೆಚ್ಚಿನವರು ಒಮ್ಮೆಗೆ 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಒಂದು ದೊಡ್ಡ ಲೋಟ ಹಾಲನ್ನು, ಅಷ್ಟೇನೂ ತೊಂದರೆಯಿಲ್ಲದೆ ತಡೆದುಕೊಳ್ಳುತ್ತಾರೆ. ಊಟದ ಜೊತೆಗಾದರೆ ಇನ್ನೂ ಸಲೀಸು, ಏಕೆಂದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ.

1. ಮೊದಲ ಏಳು ದಿನ ಹಾಲು, ಹಾಲು ಹಾಕಿದ ಕಾಫಿ-ಟೀ, ಮೊಸರು, ಪನೀರ್, ಖೋವಾದ ಸಿಹಿ, ಐಸ್‌ಕ್ರೀಮ್ ಬಿಡಿ. ತುಪ್ಪ ಇರಲಿ. ಪ್ಯಾಕೆಟ್ ತಿಂಡಿಗಳ ಮೇಲೆ ಮಿಲ್ಕ್ ಸಾಲಿಡ್ಸ್, ಮಿಲ್ಕ್ ಪೌಡರ್, ವೇ ಪೌಡರ್ ಎಂದಿದ್ದರೆ ಅವೂ ಬೇಡ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಹೊಟ್ಟೆ ಹೇಗಿತ್ತು ಎಂದು ದಿನಾ ಬರೆದಿಡಿ.

2. ಏಳು ದಿನಕ್ಕೂ ಹೊಟ್ಟೆಯಲ್ಲಿ ಯಾವ ಬದಲಾವಣೆಯೂ ಇಲ್ಲದಿದ್ದರೆ ದೋಷ ಹಾಲಿನದಲ್ಲದಿರುವ ಸಾಧ್ಯತೆಯೇ ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಅವರೆಕಾಳು, ಕಡಲೆ ಇವೂ ಇದೇ ಥರದ ಉಬ್ಬರ ತರುತ್ತವೆ.

3. ಹೊಟ್ಟೆ ಹಗುರಾಗಿದ್ದರೆ ಎಂಟನೇ ದಿನ ಬೆಳಗಿನ ತಿಂಡಿಯ ಜೊತೆ 60 ಮಿಲಿ ಬರೀ ಹಾಲು ಕುಡಿಯಿರಿ (3 ಗ್ರಾಂ). ಮರುದಿನವೂ ಅಷ್ಟೇ. ಆಮೇಲೆ ಎರಡು ದಿನ 120 ಮಿಲಿ, ಮತ್ತೆ ಎರಡು ದಿನ 240 ಮಿಲಿ. ಉಳಿದ ಊಟ-ತಿಂಡಿ ಬದಲಿಸಬೇಡಿ.

4. ಕುಡಿದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಉಬ್ಬರ, ನುಲಿತ, ಭೇದಿ ಯಾವ ಹಂತದಲ್ಲಿ ಬಂತೋ ಅದರ ಹಿಂದಿನ ಹಂತವೇ ಸದ್ಯಕ್ಕೆ ನಿಮ್ಮ ಅಳತೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಕಾಫಿಯಿಂದ. ಕಾಫಿ ತಾನಾಗಿಯೇ ದೊಡ್ಡ ಕರುಳನ್ನು ಚುರುಕುಗೊಳಿಸುತ್ತದೆ. ಬೆಳಿಗ್ಗೆ ಫಿಲ್ಟರ್ ಕಾಫಿ ಕುಡಿದ ಕೂಡಲೇ ಕಕ್ಕಸಿಗೆ ಹೋಗಬೇಕೆನಿಸಿದರೆ ಅದನ್ನು ಹಾಲಿನ ಲೆಕ್ಕಕ್ಕೆ ಬರೆಯಬೇಡಿ. ಒಂದು ಕಾಫಿಯಲ್ಲಿರುವ 60 ಮಿಲಿ ಹಾಲಿನಿಂದ ಬರುವುದು 3 ಗ್ರಾಂ ಲ್ಯಾಕ್ಟೋಸ್ ಮಾತ್ರ. ಮದುವೆ ಊಟದ ಮರುದಿನ, ಮುಟ್ಟಿನ ದಿನಗಳಲ್ಲಿ, ಆ್ಯಂಟಿಬಯೋಟಿಕ್ ಮುಗಿಸಿದ ವಾರದಲ್ಲಿ ಕೂಡ ಪರೀಕ್ಷೆ ಶುರು ಮಾಡಬೇಡಿ.

ಖಚಿತ ಉತ್ತರ ಬೇಕಿದ್ದರೆ ಆಸ್ಪತ್ರೆಯ ಹೈಡ್ರೋಜನ್ ಉಸಿರಿನ ಪರೀಕ್ಷೆ ಇದೆ. ರಾತ್ರಿ ಉಪವಾಸವಿದ್ದು ಬೆಳಿಗ್ಗೆ 25 ಅಥವಾ 50 ಗ್ರಾಂ ಲ್ಯಾಕ್ಟೋಸ್ ಕುಡಿಸಿ, ಉಸಿರಿನಲ್ಲಿ ಹೈಡ್ರೋಜನ್ 20 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 20 ಭಾಗ) ಏರಿತೇ ಎಂದು ನೋಡುತ್ತಾರೆ.

ಅಳತೆ ಒಮ್ಮೆ ಸಿಕ್ಕ ಮೇಲೆ ಅದು ಅಲ್ಲಿಗೇ ನಿಲ್ಲಬೇಕಿಲ್ಲ. ದಿನಾ ತಪ್ಪದೆ ಅಷ್ಟು ಹಾಲು ತೆಗೆದುಕೊಳ್ಳುತ್ತ ಬಂದರೆ ಎರಡು-ಮೂರು ವಾರದಲ್ಲಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದಕ್ಕೆ ಹೊಂದಿಕೊಂಡು ಅನಿಲ ಕಡಿಮೆಯಾಗುವುದುಂಟು. ಪೂರ್ತಿ ಬಿಟ್ಟು ತಿಂಗಳಾದ ಮೇಲೆ ಒಂದೇ ದಿನ ಎರಡು ಲೋಟ ಕುಡಿದವರಿಗೆ ತೊಂದರೆ ಜೋರಾಗುವುದೂ ಇದೇ ಕಾರಣಕ್ಕೆ.

ಮೊಸರು ಏಕೆ ಒಗ್ಗುತ್ತದೆ, ಯಾವಾಗ ಒಗ್ಗುವುದಿಲ್ಲ

ಹೆಪ್ಪಾಗುವಾಗ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಇದು ಅರ್ಧ ಕಥೆ ಮಾತ್ರ, ಏಕೆಂದರೆ ಹೆಪ್ಪಾದ ಮೇಲೂ ಸಾಕಷ್ಟು ಲ್ಯಾಕ್ಟೋಸ್ ಉಳಿದಿರುತ್ತದೆ. ಇನ್ನರ್ಧ ಕೆಲಸ ನಿಮ್ಮ ಕರುಳಿನೊಳಗೆ ನಡೆಯುತ್ತದೆ. ಆ ಬ್ಯಾಕ್ಟೀರಿಯಾಗಳ ಒಡಲಿನಲ್ಲೇ ಲ್ಯಾಕ್ಟೋಸ್ ಒಡೆಯುವ ಕಿಣ್ವ ಇದೆ. ಜಠರದ ಆಮ್ಲವನ್ನು ಮೊಸರಿನ ಮಂದತೆ ತಕ್ಕಮಟ್ಟಿಗೆ ತಡೆಯುತ್ತದೆ, ಸಣ್ಣ ಕರುಳಿನಲ್ಲಿ ಪಿತ್ತರಸ ತಾಗಿದಾಗ ಬ್ಯಾಕ್ಟೀರಿಯಾದ ಕವಚ ಸಡಿಲಗೊಂಡು ಕಿಣ್ವ ಹೊರಬಂದು ನಿಮ್ಮ ಪರವಾಗಿ ದುಡಿಯುತ್ತದೆ. ಹಾಗಾಗಿ ಬ್ಯಾಕ್ಟೀರಿಯಾ ಜೀವಂತವಿರುವುದು ಮುಖ್ಯ. ಕುದಿಸಿದ ಮಜ್ಜಿಗೆಹುಳಿಯಲ್ಲಿ ಈ ಲಾಭ ಇಲ್ಲ. ತಂಬುಳಿಯಲ್ಲಿ ಇದೆ, ಏಕೆಂದರೆ ಅದಕ್ಕೆ ಮಜ್ಜಿಗೆ ಸೇರುವುದು ಹುರಿದು ರುಬ್ಬಿದ್ದು ಆರಿದ ಮೇಲೆ. ಮೊಸರನ್ನಕ್ಕೂ ಅನ್ನ ಉಗುರುಬೆಚ್ಚಗಾದ ಮೇಲೆಯೇ ಮೊಸರು ಕಲಸಿ. ಪ್ರಯಾಣಕ್ಕೆಂದು ಅನ್ನಕ್ಕೆ ಹಾಲು ಹೆಚ್ಚು ಹಾಕಿ ಒಂದು ಚಮಚ ಮೊಸರು ಬೆರೆಸುವ ರೂಢಿ ಇದೆಯಲ್ಲ, ಅದನ್ನು ಎರಡು ಗಂಟೆಯೊಳಗೆ ತಿಂದರೆ ನೀವು ತಿಂದದ್ದು ಹಾಲನ್ನವೇ.

ಹೆಪ್ಪು ಹಾಕುವಾಗ ಒಂದು ಲೀಟರ್ ಹಾಲನ್ನು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸುತ್ತ ಕಾಯಿಸಿ. ಇದರಿಂದ ಮೊಸರು ಗಟ್ಟಿ ಕೂರುತ್ತದೆ. 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಆರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಅದ್ದಿ, ಹತ್ತು ಎಣಿಸುವವರೆಗೆ ಬಿಸಿ ಹಿತವಾಗಿ ತಡೆಯುವಂತಿರಬೇಕು. ಬೇಸಿಗೆಗೆ ಎರಡು ಟೀ ಚಮಚ ಹೆಪ್ಪು, ಚಳಿಗೆ ನಾಲ್ಕು. ಹೆಪ್ಪನ್ನು ಮೊದಲು ಸ್ವಲ್ಪ ಹಾಲಿನಲ್ಲಿ ಕದಡಿ, ಆಮೇಲೆ ಪೂರ್ತಿಗೆ ಬೆರೆಸಿ. ಸೆಕೆಗಾಲದಲ್ಲಿ ಐದಾರು ಗಂಟೆ ಸಾಕು. ಮಲೆನಾಡಿನ ಡಿಸೆಂಬರಿಗೆ ಪಾತ್ರೆಗೆ ಬಟ್ಟೆ ಸುತ್ತಿ ಹತ್ತು-ಹನ್ನೆರಡು ಗಂಟೆ ಇಡಬೇಕಾದೀತು. ಲ್ಯಾಕ್ಟೋಸ್ ಒಗ್ಗದವರು ಹೆಪ್ಪಾದ ಕೂಡಲೇ ಫ್ರಿಜ್ಜಿಗೆ ಇಡದೆ ಇನ್ನೆರಡು ಗಂಟೆ ಹೊರಗೇ ಬಿಡಿ. ನಾಲಿಗೆಗೆ ಹುಳಿ ತಾಗಿತೆಂದರೆ ಸಕ್ಕರೆ ಇನ್ನಷ್ಟು ಕರಗಿತು ಎಂದೇ ಅರ್ಥ.

ಹೆಪ್ಪಾಗದಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ: 50 ಡಿಗ್ರಿ ದಾಟಿದ ಹಾಲಿಗೆ ಹಾಕಿದ ಹೆಪ್ಪು ಸಾಯತೊಡಗುತ್ತದೆ. ಹೆಪ್ಪು ವಾರಗಟ್ಟಲೆ ಹಳೆಯದಾದರೂ, ಹಸುವಿಗೆ ಕೊಟ್ಟ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿದ್ದರೂ ಹೀಗೇ ಆಗುತ್ತದೆ. ಮೊಸರು ಲೋಳೆಯಾಗಿ ನೂಲಿನಂತೆ ಎಳೆದು ಬಂದರೆ ಹೆಪ್ಪಿನಲ್ಲಿ ಅಂಟು ಮಾಡುವ ಬ್ಯಾಕ್ಟೀರಿಯಾ ಮೇಲುಗೈ ಪಡೆದಿವೆ. ಆ ಹೆಪ್ಪು ಬಿಟ್ಟು ಬೇರೆ ಮನೆಯಿಂದ ತನ್ನಿ. ಮೇಲೆ ತಿಳಿನೀರು ನಿಂತರೆ ಭಯವಿಲ್ಲ, ಹೆಚ್ಚು ಹೊತ್ತಾಗಿದೆ ಅಥವಾ ಪಾತ್ರೆ ಅಲುಗಾಡಿದೆ. ಬಣ್ಣದ ಚುಕ್ಕೆ, ಬೂಷ್ಟು, ಕಹಿ ಕಂಡರೆ ಮಾತ್ರ ಪೂರ್ತಿ ಚೆಲ್ಲಿ. ಮೇಲಿನದನ್ನು ಕೆರೆದು ಕೆಳಗಿನದನ್ನು ತಿನ್ನುವುದು ಬೇಡ.

ಮಜ್ಜಿಗೆ ಇನ್ನೂ ಹಗುರ. 50 ಗ್ರಾಂ ಮೊಸರಿಗೆ 150 ಮಿಲಿ ನೀರು ಸೇರಿಸಿ ಕಡೆದರೆ ಒಂದು ಲೋಟಕ್ಕೆ ಸುಮಾರು 2 ಗ್ರಾಂ ಲ್ಯಾಕ್ಟೋಸ್. ಹೊಟ್ಟೆ ಕೆರಳಿರುವ ದಿನ ಹಸಿಮೆಣಸಿನಕಾಯಿ ಬಿಟ್ಟು ಶುಂಠಿ, ಜೀರಿಗೆ, ಉಪ್ಪು ಹಾಕಿ.

ಸಿಹಿಯ ವಿಷಯದಲ್ಲಿ ಹೆಸರು ನೋಡಿ ಹೆದರಬೇಡಿ, ಸಾಮಗ್ರಿ ನೋಡಿ. ಧಾರವಾಡ ಪೇಡ, ಬೆಳಗಾವಿ ಕುಂದಾ ಹಾಲು ಬತ್ತಿಸಿ ಮಾಡಿದವು, ಲ್ಯಾಕ್ಟೋಸ್ ಒತ್ತೊತ್ತಾಗಿ ಇರುತ್ತದೆ. ಕಡಲೆಹಿಟ್ಟು, ಸಕ್ಕರೆ, ತುಪ್ಪದ ಮೈಸೂರುಪಾಕಿನಲ್ಲಿ ಇಲ್ಲವೆನ್ನಬಹುದು. ಅದು ಭಾರವೆನಿಸಿದರೆ ಕಾರಣ ಕೊಬ್ಬು. ಪನೀರಿನಲ್ಲಿ ತಿಳಿ ಹೋಗಿರುವುದರಿಂದ 100 ಗ್ರಾಂಗೆ 2ರಿಂದ 3 ಗ್ರಾಂ.

ಬದಲಿ ಹಾಲು: ಏನು ಸಿಗುತ್ತದೆ, ಏನು ಕೈಬಿಡುತ್ತದೆ

ಪ್ರೋಟೀನಿನಲ್ಲಿ ಹಾಲಿಗೆ ಸಮ ನಿಲ್ಲುವುದು ಮುಖ್ಯವಾಗಿ ಸೋಯಾ, 100 ಮಿಲಿಗೆ ಸುಮಾರು 3 ಗ್ರಾಂ. ಆದರೆ ಸೋಯಾ ಕಾಳಿನಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿದ್ದು, ಅವನ್ನು ಒಡೆಯುವ ಕಿಣ್ವ ಯಾರ ಕರುಳಿನಲ್ಲೂ ಇಲ್ಲ. ಉಬ್ಬರ ತಪ್ಪಿಸಿಕೊಳ್ಳಲು ಹಾಲು ಬಿಟ್ಟು ಸೋಯಾ ಹಿಡಿದವರಿಗೆ ಉಬ್ಬರ ಮುಂದುವರಿಯುವುದು ಇದರಿಂದ. 100 ಗ್ರಾಂ ಕಾಳನ್ನು 10 ಗಂಟೆ ನೆನೆಸಿ, ಆ ನೀರನ್ನು ತಪ್ಪದೆ ಚೆಲ್ಲಿ. ಸಕ್ಕರೆಯ ಒಂದಷ್ಟು ಭಾಗ ಅದರಲ್ಲೇ ಹೋಗುತ್ತದೆ. ಸಿಪ್ಪೆ ಉಜ್ಜಿ ತೆಗೆದು, ಒಂದು ಲೀಟರ್ ಚೆನ್ನಾಗಿ ಕಾದ ನೀರು ಹಾಕುತ್ತ ರುಬ್ಬಿ (ಬಿಸಿನೀರಿನಿಂದ ಹಸಿಕಾಳಿನ ವಾಸನೆ ಕಡಿಮೆ), ಬಟ್ಟೆಯಲ್ಲಿ ಸೋಸಿ 15ರಿಂದ 20 ನಿಮಿಷ ಕುದಿಸಿ. ಕಾಯುವಾಗ ಬೇಗನೆ ನೊರೆ ಏಳುತ್ತದೆ, ಅದು ಕುದಿಯಲ್ಲ. ನೊರೆ ನೋಡಿ ಒಲೆ ಆರಿಸಿದರೆ ಪ್ರೋಟೀನ್ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಹಾಗೇ ಉಳಿದು ಹೊಟ್ಟೆ ಕೆಡುತ್ತದೆ. ಮೊದಲ ವಾರ 100 ಮಿಲಿ ದಾಟಬೇಡಿ.

ಶೇಂಗಾ ಹಾಲಿಗೂ ನೆನೆಸುವ, ನೀರು ಚೆಲ್ಲುವ, ಕುದಿಸುವ ಕ್ರಮವೇ; 100 ಗ್ರಾಂಗೆ ಅರ್ಧ ಲೀಟರ್ ನೀರು. ಕಪ್ಪಾದ, ಸುರುಟಿದ, ಬೂಷ್ಟು ಹಿಡಿದ ಬೀಜ ಆರಿಸಿ ಎಸೆಯಿರಿ, ಅವುಗಳಲ್ಲಿ ಅಫ್ಲಾಟಾಕ್ಸಿನ್ ವಿಷ ಇರುವ ಅಪಾಯ ಹೆಚ್ಚು. ಪ್ಯಾಕೆಟ್ ಬಾದಾಮಿ ಹಾಲು ಹೊಟ್ಟೆಗೆ ಹಗುರ, ಆದರೆ ಬಹುಪಾಲು ನೀರು. ಪ್ರೋಟೀನ್ 100 ಮಿಲಿಗೆ ಅರ್ಧ ಗ್ರಾಂ ಆಸುಪಾಸು. ತೆಂಗಿನ ಹಾಲು ಅಡುಗೆಗೆ ಸರಿ, ಕುಡಿಯುವ ಹಾಲಿನ ಜಾಗ ತುಂಬದು. ಒಂದು ವರ್ಷದೊಳಗಿನ ಮಗುವಿಗೆ ಇವುಗಳಲ್ಲಿ ಯಾವುದನ್ನೂ ಮುಖ್ಯ ಹಾಲಾಗಿ ಕೊಡಬಾರದು.

ಹಾಲು ಬಿಟ್ಟವರು ಕಳೆದುಕೊಳ್ಳುವ ದೊಡ್ಡ ವಸ್ತು ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. 250 ಮಿಲಿ ಹಾಲು ಸುಮಾರು 300 ಕೊಡುತ್ತದೆ. 75 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಸುಮಾರು 260 ಇದೆ, ಅದರಲ್ಲಿರುವ ಫೈಟೇಟಿನಿಂದಾಗಿ ಎಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಕಟ್ಟಿಸಿದ ಅಥವಾ ಹುಳಿ ಬರಿಸಿದ ಹಿಟ್ಟಾದರೆ ಮೇಲು. ರಾಗಿ ಹಾಲು ಸೋಸಿ ಚರಟ ಎಸೆದರೆ ಕ್ಯಾಲ್ಸಿಯಂ ಬಹಳಷ್ಟು ಆ ಚರಟದೊಂದಿಗೇ ಹೋಯಿತು. ನುಗ್ಗೆಸೊಪ್ಪು, ಎಳ್ಳು ಲೆಕ್ಕಕ್ಕೆ ಬರಲಿ, ಪಾಲಕ್ ಬೇಡ. ಅದರ ಕ್ಯಾಲ್ಸಿಯಂ ಆಕ್ಸಲೇಟಿಗೆ ಕಟ್ಟಿಹೋಗಿದೆ. ಕ್ಯಾಲ್ಸಿಯಂ ಸೇರಿಸಿದ ಪ್ಯಾಕೆಟ್ ಕೊಂಡರೆ ಸುರಿಯುವ ಮೊದಲು ಜೋರಾಗಿ ಅಲುಗಾಡಿಸಿ, ಅದು ತಳಕ್ಕೆ ಕೂರುತ್ತದೆ.

ಹಾಲಿನ ರುಚಿಯೇ ಬೇಕೆನ್ನುವವರಿಗೆ ಲ್ಯಾಕ್ಟೋಸ್ ಮುಕ್ತ ಹಾಲು ಎಲ್ಲಕ್ಕಿಂತ ನೇರ ದಾರಿ. ಅದು ನಿಜವಾದ ಹಾಲೇ, ಲ್ಯಾಕ್ಟೇಸ್ ಬೆರೆಸಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ. ತುಸು ಸಿಹಿ ಹೆಚ್ಚೆನಿಸುತ್ತದೆ, ಹಾಗಾಗಿ ಕಾಫಿಗೆ ಸಕ್ಕರೆ ಕಡಿಮೆ ಹಾಕಿ.

ಮಕ್ಕಳಿಗೆ ಜೋರು ಭೇದಿಯಾದ ಮೇಲೆ ಕರುಳಿನ ಒಳಪದರ ಸವೆದು ಕೆಲವು ವಾರ ಹಾಲು ಒಗ್ಗದೇ ಇರಬಹುದು. ಎದೆಹಾಲು ನಿಲ್ಲಿಸಬೇಡಿ, ದೊಡ್ಡ ಮಕ್ಕಳಿಗೆ ಅಷ್ಟು ದಿನ ಮೊಸರನ್ನ, ಮಜ್ಜಿಗೆ ಕೊಟ್ಟು ಆಮೇಲೆ 60 ಮಿಲಿಯಿಂದ ಹಾಲು ಮತ್ತೆ ಶುರು ಮಾಡಿ. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗಳನ್ನು ಹಾಲು-ಮೊಸರಿನ ಜೊತೆ ನುಂಗಬಾರದು, ಕ್ಯಾಲ್ಸಿಯಂ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಮೊಸರು ತಿನ್ನಿ. ಮೊದಲೇ ತಿಂದಿದ್ದರೆ ಮಾತ್ರೆಗೆ ಇನ್ನೂ ಹೆಚ್ಚು ಅಂತರ ಬೇಕು, ಎಷ್ಟೆಂದು ಔಷಧಿ ಅಂಗಡಿಯಲ್ಲೇ ಕೇಳಿಕೊಳ್ಳಿ.