ಡರ್ಹಮ್ ಬಿಷಪ್‌ನ ಬೆಳ್ಳಿ ಪೆನ್ನಿ: ಗುರುತಿಸುವುದು ಹೇಗೆ?

ಇಂಗ್ಲೆಂಡಿನ ಡರ್ಹಮ್ ಬಿಷಪ್‌ಗೆ ಸ್ವಂತ ಟಂಕಸಾಲೆ ಇತ್ತು. ಆದರೆ ನಾಣ್ಯದ ಮೇಲಿರುವುದು ರಾಜನ ಮುಖವೇ. ಬಿಷಪ್ಪನ ಸುಳಿವು ಒಂದು ಪುಟ್ಟ ಗುರುತಿನಲ್ಲಿ ಅಡಗಿರುತ್ತದೆ.

1279ರ ನಂತರದ, ಎಡ್ವರ್ಡ್ ಹೆಸರಿನ ರಾಜರ ಪೆನ್ನಿಗಳಲ್ಲಿ ಮೊದಲು ಹಿಂಬದಿ ನೋಡಿ. ಉದ್ದ ಶಿಲುಬೆ, ಪ್ರತಿ ಮೂಲೆಗೆ ಮೂರು ಚುಕ್ಕೆ, ಸುತ್ತಲೂ ‘ಸಿವಿಟಾಸ್ ಡುರೆಮೆ’ ಅಥವಾ ‘ಡುನೆಲ್ಮ್’ ಎಂಬ ಲ್ಯಾಟಿನ್ ಬರಹ ಇದ್ದರೆ ಅದು ಡರ್ಹಮ್‌ನದು. ಈಗ ಮುಂಬದಿಗೆ ತಿರುಗಿಸಿ. ಕಿರೀಟದ ನೇರ ಮೇಲೆ, ಬರಹ ಶುರುವಾಗುವಲ್ಲಿ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ. ತುದಿಗಳು ಇಬ್ಬಾಗವಾಗಿ ಸುರುಳಿಕೊಂಡ ಶಿಲುಬೆ ಕಂಡರೆ ಅದು ಬಿಷಪ್ ಆಂಟನಿ ಬೆಕ್‌ನದು. ಸಿಂಹ ಮತ್ತು ಲಿಲ್ಲಿ ಹೂ ಇದ್ದರೆ ಬ್ಯೂಮಾಂಟ್‌ನದು (1318–1333). ಕೆಲ್ಲಾವ್ (1311–1316) ಮಾತ್ರ ಬೇರೆ ದಾರಿ ಹಿಡಿದ: ಅವನ ಗುರುತು ಹಿಂಬದಿಯಲ್ಲಿ, ಶಿಲುಬೆಯ ಒಂದು ತುದಿ ಬಿಷಪ್ಪನ ದಂಡದಂತೆ ಬಾಗಿರುತ್ತದೆ. ಇದು ಬಹಳ ಸೊಗಸಾದ ಗುರುತು, ಆದರೆ ಸವೆದ ನಾಣ್ಯದಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ.

ತೂಕ ಸುಮಾರು 1.4 ಗ್ರಾಂ ಇರಬೇಕು, 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಬಹಳ ಕಡಿಮೆ ಬಂದರೆ ಬೆಳ್ಳಿಗಾಗಿ ಅಂಚು ಕತ್ತರಿಸಿರಬಹುದು. ಅಂಚಿನ ಜೊತೆ ಗುರುತೂ ಹೋಗಿರಬಹುದು, ಆಗ ಬಿಷಪ್ಪನ ಹೆಸರು ಊಹಿಸಬೇಡಿ. ಮೈಮೇಲೆ ಗುಳ್ಳೆಗುಳಿ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಕಂಡರೆ ಎರಕದ ನಕಲಿ ಎಂದು ಅನುಮಾನಿಸಿ.

ಹುಣಸೆಹಣ್ಣು, ಬೆಳ್ಳಿ ಪಾಲಿಶ್ ಎರಡೂ ಬೇಡವೇ ಬೇಡ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಉಜ್ಜದೆ ಒತ್ತಿ ಒಣಗಿಸಿ.