ನೀರು ಬದಲಾಯಿತೋ, ಸೆನ್ಸರ್ ಕೆಟ್ಟಿತೋ? ಅಳಿವೆಯಲ್ಲಿ ನನ್ನ ಅನುಭವ

ದೊಡ್ಡ ನದಿಯೊಂದು ಸಮುದ್ರ ಸೇರುವ ಅಳಿವೆಯಲ್ಲಿ ನೀರಿನ ಗುಣಮಟ್ಟ ಅಳೆಯುವುದು ನನ್ನ ಕೆಲಸ. ಸೆನ್ಸರ್ ಇಳಿಬಿಟ್ಟರೆ ಡೇಟಾ ಬರುತ್ತದೆ. ಅದನ್ನು ಎಷ್ಟು ನಂಬಬಹುದು ಅನ್ನುವುದೇ ತಲೆನೋವು.

ಉಪ್ಪುನೀರು ಭಾರ. ಅದು ತಳ ಹಿಡಿದು ನದಿಯೊಳಗೆ ನುಗ್ಗುತ್ತದೆ, ಸಿಹಿನೀರು ಅದರ ಮೇಲೆ ಸಮುದ್ರದ ಕಡೆಗೆ ಹರಿಯುತ್ತದೆ. ತಳದಲ್ಲಿ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೂ ಮೇಲ್ಗಡೆ ಎಲ್ಲ ಸರಿಯಾಗಿಯೇ ಕಾಣಬಹುದು. ಅದಕ್ಕೇ ಒಂದೇ ಜಾಗದಲ್ಲಿ ಮೇಲೊಂದು, ತಳದಲ್ಲೊಂದು ಸೆನ್ಸರ್ ಇಟ್ಟೆ. 15 ನಿಮಿಷಕ್ಕೊಂದು ರೀಡಿಂಗ್. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಇರುವ ಕಡೆ ಇಷ್ಟು ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜೋರು, ಆಗ ಎರಡು ಪದರಗಳೂ ಜಾಸ್ತಿ ಬೆರೆಯುತ್ತವೆ.

ನಿಜವಾದ ಕಾಟ ಪಾಚಿ ಮತ್ತು ಕಲ್ಲು, ದೋಣಿಗಳಿಗೆ ಅಂಟಿಕೊಳ್ಳುವ ಚಿಪ್ಪುಳ್ಳ ಪುಟ್ಟ ಜೀವಿಗಳಾದ ಬಾರ್ನಕಲ್‌ಗಳದ್ದು. ಸೆನ್ಸರ್‌ನ ಗಾಜಿಗೆ ಪಾಚಿ ಹತ್ತಿದರೆ ನೀರು ದಿನೇದಿನೇ ಕದಡುತ್ತಿರುವಂತೆ ತೋರುತ್ತದೆ. ಉಪ್ಪಿನಂಶ ಲೆಕ್ಕ ಹಾಕುವುದು ವಾಹಕತೆಯಿಂದ, ಅಂದರೆ ನೀರು ಎಷ್ಟು ಚೆನ್ನಾಗಿ ವಿದ್ಯುತ್ ಹರಿಯಬಿಡುತ್ತದೆ ಅನ್ನುವುದರಿಂದ. ಅದನ್ನು ಅಳೆಯುವ ಕೊಳವೆಯೊಳಗೆ ಬಾರ್ನಕಲ್ ಕೂತರೆ ಉಪ್ಪಿನಂಶ ಕಡಿಮೆ ಬರುತ್ತದೆ. ಆಮ್ಲಜನಕದ್ದು ಇನ್ನೂ ಮೋಸ. ಸೆನ್ಸರ್ ಮೇಲಿನ ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಗ್ರಾಫ್ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಅದು ನೀರಿನದ್ದೇ ಅನ್ನಿಸಿಬಿಡುತ್ತದೆ! ಜೊತೆಗೆ, ಮಿಲಿಗ್ರಾಂ ಲೆಕ್ಕಕ್ಕೆ ಉಪ್ಪಿನಂಶವೂ ಬೇಕು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದರೆ, ಸಮುದ್ರದ ನೀರು 7ಕ್ಕಿಂತ ಕಡಿಮೆ. ವಾಹಕತೆ ತಪ್ಪಿದರೆ ಇದೂ ತಪ್ಪುತ್ತದೆ, ಅಲ್ವಾ?

ಒರೆಸುವ ಬ್ರಷ್, ತಾಮ್ರದ ಕವಚ ಎರಡೂ ಇವೆ. ಅವು ಪಾಚಿಯನ್ನು ತಡಮಾಡಿಸುತ್ತವೆ, ಅಷ್ಟೇ. ಹಾಗಾಗಿ ಕೊಳೆಯಿಂದ ರೀಡಿಂಗ್ ಎಷ್ಟು ತಪ್ಪಿದೆ ಅಂತ ತಿಳಿಯಬೇಕು, ಅದಕ್ಕೇ ಹೋದ ತಕ್ಷಣ ತೊಳೆಯುವುದಿಲ್ಲ. ಉಬ್ಬರ ತಿರುಗುವ ಮುಂಚೆ, ನೀರು ನಿಂತಂತಿರುವ ಹೊತ್ತು ನೋಡಿಕೊಂಡು ಹೋಗುತ್ತೇನೆ. ಕ್ಯಾಲಿಬ್ರೇಟ್ ಮಾಡಿದ, ಅಂದರೆ ಗೊತ್ತಿರುವ ಅಳತೆಗೆ ಹೊಂದಿಸಿದ ಇನ್ನೊಂದು ಸೆನ್ಸರ್ ಪಕ್ಕದಲ್ಲೇ ಇಳಿಸುತ್ತೇನೆ. ಕೊಳೆ ಇದ್ದಂತೆಯೇ ಮೊದಲ ರೀಡಿಂಗ್. ಆಮೇಲೆ ತೊಳೆದು ಅದೇ ನೀರಿನಲ್ಲಿ ಮತ್ತೊಂದು. ವ್ಯತ್ಯಾಸ ಕೊಳೆಯದ್ದು. ಅಷ್ಟರಲ್ಲಿ ನೀರೇ ಬದಲಾಗಿದ್ದರೆ ಪಕ್ಕದ ಸೆನ್ಸರ್ ಹೇಳುತ್ತದೆ, ಅಷ್ಟನ್ನು ಕಳೆಯುತ್ತೇನೆ. ಕೊನೆಗೆ ಗೊತ್ತಿರುವ ಅಳತೆಯ ದ್ರಾವಣದಲ್ಲಿ ಅದ್ದುತ್ತೇನೆ. ಅಲ್ಲಿ ಬರುವ ವ್ಯತ್ಯಾಸ ಸೆನ್ಸರ್‌ನದ್ದೇ.

ಪಾಚಿ ಒಂದೇ ದಿನ ಬೆಳೆದದ್ದಲ್ಲ. ಹಾಗಾಗಿ ಹಿಂದಿನ ಸಲ ತೊಳೆದ ದಿನ ಸೊನ್ನೆ, ಇವತ್ತು ಪೂರ್ತಿ ಅಂತ ತಿದ್ದುಪಡಿಯನ್ನು ಏರಿಸುತ್ತಾ ಹಂಚುತ್ತೇನೆ. ತಪ್ಪು ತೀರಾ ದೊಡ್ಡದಿದ್ದರೆ ತಿದ್ದುವ ಗೋಜಿಗೇ ಹೋಗದೆ ಆ ಭಾಗ ಬಿಟ್ಟುಬಿಡುತ್ತೇನೆ. ಮೂಲ ಫೈಲ್ ಮಾತ್ರ ಮುಟ್ಟುವುದಿಲ್ಲ. ತಿದ್ದಿದ್ದೆಲ್ಲ ಬೇರೆ ಫೈಲ್‌ನಲ್ಲಿ, ಯಾಕೆ ತಿದ್ದಿದೆ ಅನ್ನುವ ಟಿಪ್ಪಣಿಯ ಜೊತೆ.