ಕಸ ತೆಗೆಯುವ ಫೈಲು, ಬೇಲಿ ಹಾಕುವ ಫೈಲು

ಮಂಗಳೂರಿನ ನಮ್ಮ ವಾರ್ಡ್ ಸಮಿತಿಗೆ ನಾನು ಸದಸ್ಯೆಯಾದಾಗ ಎಲ್ಲರೂ ಕೇಳಿದ್ದು ಒಂದೇ. ಶಾಲೆಗೆ ಹೋಗುವ ರಸ್ತೆಯ ತಿರುವಿನಲ್ಲಿರುವ ಆ ರಾಶಿ ಹೋಗಬೇಕು. ಬೊಂಡದ ಚಿಪ್ಪು, ಹರಿದ ಹಾಸಿಗೆ, ಒಡೆದ ಟೈಲ್ಸ್, ಮನೆ ಕೆಡವಿದ ಕೆಂಪುಕಲ್ಲಿನ ಚೂರು. ಒಂದು ಮಳೆ ಬಿದ್ದರೆ ಸಾಕು, ಒಂದೊಂದು ಚಿಪ್ಪಿನಲ್ಲೂ ನೀರು, ನೀರಿನಲ್ಲಿ ಸೊಳ್ಳೆ ಮರಿ. ಮಲೇರಿಯಾದ ಕಾಟ ಕಂಡ ಊರು ನಮ್ಮದು, ಇದನ್ನು ಹಗುರವಾಗಿ ಬಿಡಲು ಆಗುವುದಿಲ್ಲ.

ರಾಶಿಯನ್ನು ಅದಕ್ಕೆ ಮುಂಚೆಯೂ ತೆಗೆಸಿದ್ದರು. ಮತ್ತೆ ತುಂಬುತ್ತಿತ್ತು. ಆರೋಗ್ಯ ನಿರೀಕ್ಷಕರು ನನ್ನಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು: "ಮೇಡಂ, ನಾಲ್ಕು ಟಿಪ್ಪರ್ ಲೋಡು ತೆಗೆಯುವುದು ದೊಡ್ಡ ವಿಷಯ ಅಲ್ಲ. ಪುನಃ ತಂದು ಬಿಸಾಡದ ಹಾಗೆ ಎಂತ ಮಾಡುವುದು, ಅದನ್ನು ಹೇಳಿ."

ಬ್ಯಾಂಕಿನ ಲೆಕ್ಕ ನೋಡಿಯೇ ನಿವೃತ್ತಳಾದವಳು ನಾನು. ಹಣ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡುವುದು ಅಭ್ಯಾಸ. ನಮ್ಮ ಕಾರ್ಪೊರೇಟರ್ ಹತ್ತಿರ ಮಹಾನಗರ ಪಾಲಿಕೆಯ ಪರಿಷತ್ ಸಭೆಯ ಕಾರ್ಯಸೂಚಿ ಕೇಳಿ ಪಡೆದು ಓದತೊಡಗಿದೆ. ಅದರಲ್ಲಿ ಹೆಚ್ಚಿನದು ಯಾರೂ ಗಲಾಟೆ ಮಾಡದ ವಿಷಯಗಳು: ಹಿಂದಿನ ಸಭೆಯ ನಡಾವಳಿ, ಸ್ಥಾಯಿ ಸಮಿತಿಗಳ ಶಿಫಾರಸು, ಟೆಂಡರ್ ದರಕ್ಕೆ ಒಪ್ಪಿಗೆ, ಬೀದಿದೀಪದ ನಿರ್ವಹಣೆ, ಮಳೆಗಾಲದ ಚರಂಡಿ ಗ್ಯಾಂಗ್. ತುರ್ತಾಗಿ ಮೊದಲೇ ಮಾಡಿಸಿದ ಕೆಲಸಗಳು ಘಟನೋತ್ತರ ಮಂಜೂರಾತಿಗೆ ಬರುತ್ತವೆ. ಸಭೆಯಲ್ಲಿ ಇವೆಲ್ಲ ಬೇಗ ಬೇಗ ದಾಟಿಹೋಗುತ್ತವೆ. ಆದರೆ ನಮ್ಮ ಬೀದಿಯ ಹಣ ಇರುವುದು ಅಲ್ಲೇ. ಇಷ್ಟು ಓದಿದ ಮೇಲೆ ನನಗೆ ಅನ್ನಿಸಿದ್ದು, ಮಾತಾಡಬೇಕಾದದ್ದು ಸಭೆಯ ದಿನ ಅಲ್ಲ, ಅಂದಾಜು ಪಟ್ಟಿ ಬರೆಯುವ ದಿನ.

ಪಟ್ಟಿ ತೋರಿಸಿ ಎಂದು ಕಿರಿಯ ಎಂಜಿನಿಯರ್ ಹತ್ತಿರ ಕೇಳಿದೆ. ಜೆಸಿಬಿಗೆ ಗಂಟೆ ಲೆಕ್ಕ, ಟಿಪ್ಪರಿಗೆ ಟ್ರಿಪ್ ಲೆಕ್ಕ, ಆಳುಗಳ ಕೂಲಿ. ಅಷ್ಟೇ. ಪುನಃ ತಂದು ಬಿಸಾಡುವುದನ್ನು ತಡೆಯುವ ಬೇಲಿ ಇಲ್ಲ, ದೀಪ ಇಲ್ಲ. ಕಾರಣ ಸರಳ: ಕಸ ತೆರವು ರಾಜಸ್ವ ವೆಚ್ಚ, ಅಂದರೆ ದಿನನಿತ್ಯದ ಖರ್ಚು, ನಿರ್ವಹಣೆಯ ಲೆಕ್ಕ ಶೀರ್ಷಿಕೆಯಲ್ಲಿ ಬೇಗ ಆಗುತ್ತದೆ. ಬೇಲಿ ಬಂಡವಾಳ ವೆಚ್ಚ, ಅಂದರೆ ಹೊಸದಾಗಿ ಕಟ್ಟುವ ಕೆಲಸದ ಖರ್ಚು. ಅದಕ್ಕೆ ಬೇರೆ ಅಂದಾಜು, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕೊನೆಗೆ ಕೆಲಸ ಶುರು ಮಾಡಿ ಎಂದು ಗುತ್ತಿಗೆದಾರರಿಗೆ ಕೊಡುವ ಕಾರ್ಯಾದೇಶ. ಒಂದು ಫೈಲು ವಾರದಲ್ಲಿ ಮುಗಿಯುತ್ತದೆ, ಇನ್ನೊಂದಕ್ಕೆ ತಿಂಗಳುಗಳು ಬೇಕು. ಈ ನಡುವಿನ ತಿಂಗಳುಗಳಲ್ಲೇ ಜಾಗ ಪುನಃ ತುಂಬುವುದು.

ಹಾಗಾಗಿ ನಾನು ಕೇಳಿಕೊಂಡದ್ದು ನೆರೆಯವರಿಗೆ ಹಿಡಿಸಲಿಲ್ಲ: ಬೇಲಿಯ ಕಾರ್ಯಾದೇಶ ಕೈಗೆ ಬರುವವರೆಗೆ ರಾಶಿಯನ್ನು ಪೂರ್ತಿ ತೆಗೆಸುವುದು ಬೇಡ, ಸೊಳ್ಳೆ ಮದ್ದು ಮಾತ್ರ ಬಿಡಲಿ. "ನೀವು ಬಂದದ್ದು ಕಸ ತೆಗೆಸಲಿಕ್ಕೋ ಇಡಿಸಲಿಕ್ಕೋ?" ಎಂದು ಎದುರುಮನೆಯ ಅಕ್ಕ ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ, ನಾತ ಬರುತ್ತಿದ್ದದ್ದು ಅವರ ಜಗಲಿಗೆ. ಆದರೂ ನಾನು ಹಟ ಬಿಡಲಿಲ್ಲ.

ಇನ್ನೊಂದು ತೊಡಕಿತ್ತು. ರಾಶಿಯ ಅರ್ಧ ರಸ್ತೆಯ ಅಂಚಿನಲ್ಲಿ, ಇನ್ನರ್ಧ ಖಾಸಗಿ ಸೈಟಿನ ಪೊದೆಯೊಳಗೆ. ಸಾರ್ವಜನಿಕ ಹಣದಲ್ಲಿ ಖಾಸಗಿ ಜಾಗಕ್ಕೆ ಬೇಲಿ ಹಾಕುವಂತಿಲ್ಲ. ಸರ್ವೆಯವರು ಬಂದು ಗಡಿ ಗುರುತು ಮಾಡಿದ ಮೇಲೆಯೇ ಅಂದಾಜಿಗೆ ಅಳತೆ ಸಿಕ್ಕಿತು. ಮಾಲೀಕರು ಗಲ್ಫಿನಲ್ಲಿ, ಖಾತೆಯಲ್ಲಿದ್ದದ್ದು ಹಳೆ ವಿಳಾಸ. ಸಂಬಂಧಿಕರ ಮೂಲಕ ನೋಟಿಸ್ ಮುಟ್ಟಿಸಿದೆವು. ಮಾಲೀಕರು ಸ್ವಚ್ಛ ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡಲು ಕಾಯ್ದೆಯಲ್ಲಿ ಅವಕಾಶ ಉಂಟು. ಅದನ್ನು ನೋಟಿಸಿನಲ್ಲಿ ಸ್ಪಷ್ಟವಾಗಿ ಬರೆದದ್ದು ಕೆಲಸಕ್ಕೆ ಬಂತು, ಪೊದೆ ಕಡಿಸುವ ಹಣ ಅವರೇ ಕಳುಹಿಸಿದರು.

ಹಣದ ಮೂಲದ ಬಗ್ಗೆಯೂ ಒಂದು ಮಾತು. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಹೇಳಿದ ಕೇಂದ್ರದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ 60ರಷ್ಟು ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಮಾಡಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು: ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಇನ್ನರ್ಧ ನೀರಿಗೆ. "ಹಣ ಉಂಟಾ?" ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. "ಯಾವ ಶೀರ್ಷಿಕೆಯಲ್ಲಿ ಎಷ್ಟು ಉಳಿದಿದೆ?" ಎಂದು ಕೇಳಿದರೆ ಎಂಜಿನಿಯರ್ ಪುಸ್ತಕ ತೆರೆಯುತ್ತಾರೆ.

ಆಗ 2023ರ ಆರಂಭ. ವಿಧಾನಸಭಾ ಚುನಾವಣೆ ಹತ್ತಿರ ಬರುತ್ತಿತ್ತು. ನೀತಿಸಂಹಿತೆ ಬಂದರೆ ಹೊಸ ಕಾಮಗಾರಿ ಶುರು ಮಾಡುವಂತಿಲ್ಲ. ಕಾರ್ಯಾದೇಶ ಕೈಯಲ್ಲಿದ್ದರೂ ಜಾಗದಲ್ಲಿ ಕೆಲಸ ಆರಂಭ ಆಗಿರದಿದ್ದರೆ ನಿಲ್ಲಬೇಕು. ಜೂನ್ ಬಂದರೆ ಮಳೆ. ಅದಕ್ಕೇ ಕಾರ್ಯಾದೇಶ ಸಿಕ್ಕಿದ ಕೂಡಲೇ ಗುತ್ತಿಗೆದಾರರಲ್ಲಿ ಒತ್ತಾಯಿಸಿ ಕೆಲವು ಕಂಬದ ಗುಂಡಿ ತೋಡಿಸಿ, ಸಿಮೆಂಟ್ ಕಂಬ ನಿಲ್ಲಿಸಿ, ತಾರೀಕಿನೊಂದಿಗೆ ಫೋಟೊ ತೆಗೆಸಿದೆವು. ಮಾರ್ಚ್ 29ರಂದು ನೀತಿಸಂಹಿತೆ ಜಾರಿಯಾಯಿತು. ನಮ್ಮ ಕೆಲಸ ಚಾಲ್ತಿಯಲ್ಲಿದ್ದ ಕಾಮಗಾರಿಯಾಗಿ ಮುಂದುವರಿಯಿತು. ರಾಶಿ ತೆಗೆದದ್ದು ಬೆಳಗ್ಗೆ, ಆ ಬದಿಗೆ ಬೇಲಿಯ ಬಲೆ ಕಟ್ಟಿದ್ದು ಅದೇ ಸಂಜೆ. ಬಿಲ್ ಆಗುವ ಮೊದಲು ಎಂಜಿನಿಯರ್ ಟೇಪು ಹಿಡಿದು ಬಲೆಯ ಉದ್ದ ಅಳೆದು ಅಳತೆ ಪುಸ್ತಕದಲ್ಲಿ ಬರೆದಾಗ ಸಮಿತಿಯ ಇಬ್ಬರು ಪಕ್ಕದಲ್ಲಿ ನಿಂತಿದ್ದೆವು.

ದೀಪ ಆ ವರ್ಷ ಆಗಲಿಲ್ಲ, ಮುಂದಿನ ನಿರ್ವಹಣಾ ಪಟ್ಟಿಯಲ್ಲಿ ಬಂತು. ಪಕ್ಕದ ಚರಂಡಿಯ ಹೂಳನ್ನು ಮಳೆಗಾಲದ ಗ್ಯಾಂಗಿನ ಕೆಲಸದೊಳಗೆ ಸೇರಿಸಿದ್ದಾರೆ.

ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು, ಆ ಬಳಿಕ ಮಂಜೂರಾತಿ ಆಡಳಿತಾಧಿಕಾರಿಗಳಿಂದ. ಫೈಲಿನ ಕ್ರಮ ಮಾತ್ರ ಅದೇ. ಬೇರೆ ವಾರ್ಡಿನವರು ಫೋನ್ ಮಾಡಿದರೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಹೊರಡುವ ಮೊದಲು ಸರ್ವೆ ನಂಬರು, ಪಕ್ಕದ ಸೈಟಿನ ಖಾತೆ ವಿವರ, ತಾರೀಕು ಇರುವ ಫೋಟೊ ಇಟ್ಟುಕೊಳ್ಳಿ ಎನ್ನುತ್ತೇನೆ. ತೆರವಿಗೂ ಬೇಲಿಗೂ ಒಂದೇ ದಿನ ಅರ್ಜಿ ಕೊಟ್ಟು ಎರಡಕ್ಕೂ ಸ್ವೀಕೃತಿ ಪಡೆಯಿರಿ, ಒಂದರ ಅರ್ಜಿಯಲ್ಲಿ ಇನ್ನೊಂದರ ಸಂಖ್ಯೆ ಬರೆಯಿರಿ.